ಗಿರಿಜಕ್ಕನ ಮನೆಗಾಡಿ ಕೆಟ್ಟಿದ್ದು ಯಾರಿಂದ

ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಗಿರಿಜಕ್ಕನ ಮನೆಗಾಡಿ ಕೆಟ್ಟು ನಿಂತದ್ದು ನನ್ನಿಂದ. ಅವರು ಓಡಿಸಿದ್ದರಿಂದ ಅಲ್ಲ. ಎಂಜಿನ್ನಿಗೆ ಹೊಸ ಟೈಮಿಂಗ್ ಬೆಲ್ಟ್ ಹಾಕುತ್ತೇನೆ ಎಂದು ಮಾತು ಕೊಟ್ಟು, ಹಳೆಯದನ್ನೇ ಬಟ್ಟೆಯಲ್ಲಿ ಒರೆಸಿ ಹಾಕಿ ಕಳಿಸಿದೆ. ಅದು ಹರಿಯಿತು. ಹರಿದದ್ದನ್ನು ಕಣ್ಣಾರೆ ನೋಡಿಯೂ, ಸುತ್ತ ನಿಂತಿದ್ದ ಜನರ ಮುಂದೆ, ಅಕ್ಕನೇ ಗಾಡಿ ಹೀಟ್ ಮಾಡಿಬಿಟ್ಟಿದ್ದಾರೆ ಎಂದೆ. ಜನ ನಂಬಿದರು. ಅವರಲ್ಲಿ ಹೆಚ್ಚಿನವರು ಇವತ್ತಿನವರೆಗೂ ನಂಬಿಕೊಂಡಿದ್ದಾರೆ.

ನಾನು ತಿಪ್ಪೇಶ. ಹುಟ್ಟೂರು ಹಿರೇನಲ್ಲೂರು, ಗ್ಯಾರೇಜು ಕಡೂರಿನಲ್ಲಿ. ನನಗೆ ಮುಂಗೋಪ ಎಂದು ನನ್ನ ಗಿರಾಕಿಗಳಿಗೆಲ್ಲ ಗೊತ್ತು. ಸ್ಪ್ಯಾನರ್ ಎಸೆದಿದ್ದೇನೆ, ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿ ಓಡಿಸುವವರನ್ನು ಬೈದು ವಾಪಸ್ ಕಳಿಸಿದ್ದೇನೆ. ಆದರೆ ಈ ಕತೆ ನೆನೆದಾಗ ಬರುವ ಸಿಟ್ಟು ಆ ಜಾತಿಯದ್ದಲ್ಲ. ಅದನ್ನು ಎಸೆಯಲು ಎದುರಿಗೆ ಯಾರೂ ಇಲ್ಲ, ನಾನೊಬ್ಬನೇ ಇದ್ದೇನೆ. ಹಾಗೆಂದು ಎಲ್ಲವನ್ನೂ ನನ್ನ ಮೇಲೇ ಹಾಕಿಕೊಂಡು ದೊಡ್ಡವನಾಗುವ ಆಸೆಯೂ ಇಲ್ಲ. ಅವತ್ತು ಅಲ್ಲಿ ನಿಂತಿದ್ದವರ ಮೇಲೂ ನನಗೆ ಸಿಟ್ಟಿದೆ. ಅದನ್ನೂ ಹೇಳುತ್ತೇನೆ.

ಮೊದಲು ಗಿರಿಜಕ್ಕ ಯಾರು ಎಂದು ಹೇಳಬೇಕು. ಅಜ್ಜಂಪುರದಲ್ಲಿ ಕೊಬ್ಬರಿ ವ್ಯಾಪಾರದ ಮನೆ ಅವರದು. ಗಂಡ ಲಿಂಗರಾಜಣ್ಣ, ಮನೆಯ ಕಿರಿಯವರು. ಅಣ್ಣ ರುದ್ರಪ್ಪನವರು, ಮನೆಯ ಯಜಮಾನಿಕೆ ಅವರದೇ. ಲಿಂಗರಾಜಣ್ಣ ಅಂದರೆ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಮನುಷ್ಯ. ವ್ಯಾಪಾರದ ನೆಪದಲ್ಲಿ ಎಲ್ಲೆಲ್ಲಿಗೋ ಹೋಗುವರು. ಹಾಗೆ ಹೋದಾಗಲೇ ಒಮ್ಮೆ ಗೋವಾದಿಂದ ಈ ಗಾಡಿ ತಂದರು. ಯಾವನೋ ಪರದೇಶದವನು ಊರೂರು ಸುತ್ತಲು ಇಟ್ಟುಕೊಂಡಿದ್ದು ಮಾರಿ ಹೋಗಿದ್ದನಂತೆ. ಉದ್ದನೆಯ ವ್ಯಾನು, ಒಳಗೆ ಮಲಗಲು ಮಂಚ, ಪುಟ್ಟ ಒಲೆ, ನೀರಿನ ಟ್ಯಾಂಕು, ಕಿಟಕಿಗೆ ಪರದೆ. ಅಜ್ಜಂಪುರದ ಮಕ್ಕಳು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟವು. ಮುದಿ ಗಾಡಿ, ಬಿಡಿಭಾಗ ಸಿಗುವುದು ಕಷ್ಟ. ಈ ಸುತ್ತಿನಲ್ಲಿ ಅದಕ್ಕೆ ಕೈ ಹಾಕುವ ಧೈರ್ಯ ಮಾಡಿದವನು ನಾನೊಬ್ಬನೇ. ಆ ಜಂಬ ನನಗೆ ಚೆನ್ನಾಗಿಯೇ ಇತ್ತು.

ಆಮೇಲೆ ಲಿಂಗರಾಜಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋಯಿತು, ಮಾತೂ ಹೋಯಿತು. ಬುದ್ಧಿ ಮಾತ್ರ ಮೊದಲಿನ ಹಾಗೇ ಚುರುಕಾಗಿತ್ತು. ಎಲ್ಲ ಅರ್ಥವಾಗುತ್ತಿತ್ತು, ಒಂದು ಮಾತೂ ಹೊರಡುತ್ತಿರಲಿಲ್ಲ, ಬರೆಯಲೂ ಆಗುತ್ತಿರಲಿಲ್ಲ. ಒಂದು ಕಡೆ ಕೂರದ ಮನುಷ್ಯ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟ ಬಿಟ್ಟರು. ಆಗ ಗಿರಿಜಕ್ಕ ಮಾಡಿದ ಕೆಲಸ ಇದೆಯಲ್ಲ — ಅಜ್ಜಂಪುರದಲ್ಲಿ ಬೇರೆ ಯಾರೂ ಮಾಡುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸು, ಅದುವರೆಗೆ ಸೈಕಲ್ ಕೂಡ ಹತ್ತದವರು, ಡ್ರೈವಿಂಗ್ ಕಲಿತರು. ಮೊದಲು ಸಣ್ಣ ಕಾರು, ಆಮೇಲೆ ಈ ಗಾಡಿ. ಗಂಡನನ್ನು ಮುಂದಿನ ಸೀಟಿಗೆ ಎತ್ತಿ ಕೂರಿಸಿ, ಬೆಲ್ಟ್ ಬಿಗಿದು, ಅಮೃತಾಪುರದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಬಂದರು. ತರೀಕೆರೆ ಸಂತೆಗೆ ಹೋಗಿ ಬಂದರು. ಲಿಂಗರಾಜಣ್ಣ ಮತ್ತೆ ಉಣ್ಣತೊಡಗಿದರು.

ರುದ್ರಪ್ಪನವರಿಗೆ ಇದು ಸೇರಲಿಲ್ಲ. ಮನೆತನದ ಹೆಣ್ಣುಮಗಳು ಲಾರಿಯಂಥ ಗಾಡಿ ಓಡಿಸಿಕೊಂಡು ಪೇಟೆಯಲ್ಲಿ ಹೋಗುವುದೆಂದರೇನು ಎಂದು ಅವರ ವಾದ. ತಮ್ಮನ ಹೆಂಡತಿಗೆ ನೇರವಾಗಿ ಬೇಡ ಎನ್ನಲು ಬಾಯಿ ಬರಲಿಲ್ಲ, ತಮ್ಮ ನಗುವುದು ಕಣ್ಣಿಗೆ ಕಾಣುತ್ತಿತ್ತಲ್ಲ. ಹಾಗಾಗಿ ಒಂದು ಮಾತು ಹಾಕಿಟ್ಟರು: ಏನಾದರೂ ಒಂದು ಹೆಚ್ಚುಕಮ್ಮಿ ಆಯಿತೋ, ಅವತ್ತಿಗೆ ಗಾಡಿ ಕೀಲಿ ತಮ್ಮ ಕೈಗೆ ಬರಬೇಕು. ಈ ಮಾತು ಇಡೀ ಅಜ್ಜಂಪುರಕ್ಕೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ದಸರಾ ಮುಗಿದ ಮೇಲೆ ಉಳವಿ ಯಾತ್ರೆಗೆ ಹೋಗಬೇಕೆಂದು ಗಿರಿಜಕ್ಕ ನಿಶ್ಚಯ ಮಾಡಿದರು. ಅದು ಲಿಂಗರಾಜಣ್ಣನ ಆಸೆ. ಕ್ಯಾಲೆಂಡರಿನಲ್ಲಿದ್ದ ಉಳವಿಯ ಚಿತ್ರಕ್ಕೆ ಬೆರಳಿಟ್ಟು ಇಟ್ಟು ತೋರಿಸಿದ್ದರಂತೆ. ಹೊರಡುವ ಮುಂಚೆ ಎಂಜಿನ್ ನೋಡಿಸಲು ಗಾಡಿಯನ್ನು ನನ್ನ ಹತ್ತಿರ ತಂದರು. ನೀರು ಸೋರುತ್ತಿತ್ತು. ನೋಡಿದರೆ ವಾಟರ್ ಪಂಪ್ ಹೋಗಿದೆ. ಈ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಪಂಪಿನಿಂದ ಸೋರಿದ ನೀರು ಬೆಲ್ಟಿನ ಮೇಲೆ ಬಿದ್ದು ರಬ್ಬರು ಉಬ್ಬಿ ಅಂಚಿನಲ್ಲಿ ನಾರು ಎದ್ದಿತ್ತು. ಆ ಬೆಲ್ಟ್ ಓಡುವಾಗ ಹರಿದರೆ ಎಂಜಿನ್ ಒಳಗಿರುವುದೆಲ್ಲ ಒಂದಕ್ಕೊಂದು ಬಡಿದುಕೊಂಡು ಎಂಜಿನ್ನೇ ಸತ್ತುಹೋಗುತ್ತದೆ. ಇದನ್ನೆಲ್ಲ ಗಿರಿಜಕ್ಕನಿಗೆ ನಾನೇ ವಿವರಿಸಿ ಹೇಳಿದೆ. ಪಂಪ್ ಬಿಚ್ಚಿದ ಮೇಲೆ ಬೆಲ್ಟ್ ಹೊಸದೇ ಆಗಬೇಕು, ಹಳೆಯದನ್ನು ಮತ್ತೆ ಹಾಕುವವನು ಮೆಕ್ಯಾನಿಕ್ಕೇ ಅಲ್ಲ ಎಂದು ದೊಡ್ಡ ಗಂಟಲಲ್ಲಿ ಹೇಳಿದೆ. ಜೊತೆಗೆ ರುದ್ರಪ್ಪನವರೂ ಬಂದಿದ್ದರು. ಅವರ ಮುಂದೆಯೇ, ವಿಜಯದಶಮಿ ಮಾರನೇ ದಿನ ಗಾಡಿ ನಿಮ್ಮ ಬಾಗಿಲಲ್ಲಿ ಎಂದು ಮಾತು ಕೊಟ್ಟೆ.

ಬೆಂಗಳೂರಿನಿಂದ ಪಂಪೂ ಬೆಲ್ಟೂ ಬಂದದ್ದು ಆಯುಧಪೂಜೆಯ ದಿನ ಬೆಳಿಗ್ಗೆ. ಗ್ಯಾರೇಜು ತೊಳೆದು, ಸ್ಪ್ಯಾನರು ಜಾಕಿಗಳಿಗೆಲ್ಲ ವಿಭೂತಿ ಬಳಿದು, ಸೇವಂತಿಗೆ ಇಟ್ಟು ಪೂಜೆಗೆ ಅಣಿ ಮಾಡಿದ್ದೆ. ಅಷ್ಟು ದೂರದಿಂದ ಬಂದ ಸಾಮಾನು, ಇದಕ್ಕೂ ಪೂಜೆ ಆಗಲಿ ಎಂದು ಎರಡನ್ನೂ ತಟ್ಟೆಯಲ್ಲಿಟ್ಟೆ. ಪಕ್ಕದಲ್ಲಿ ಮಣ್ಣಿನ ದೀಪ. ಸಂಜೆ ಷಟರ್ ಎಳೆಯುವಾಗ ನೋಡುತ್ತೇನೆ, ದೀಪ ಎಲ್ಲೋ ಬಿರುಕು ಬಿಟ್ಟಿದೆ, ಎಣ್ಣೆ ಒಸರಿ ತಟ್ಟೆಗೆ ಇಳಿಯುತ್ತಿದೆ, ಬೆಲ್ಟ್ ಅದರಲ್ಲಿ ಕೂತಿದೆ. ರಬ್ಬರ್ ಬೆಲ್ಟಿಗೆ ಎಣ್ಣೆ ಆಗದು, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತು. ತೆಗೆಯಲು ಕೈ ಚಾಚಿದೆ. ಪೂಜೆಗಿಟ್ಟ ಸಾಮಾನು ಅವತ್ತು ಮುಟ್ಟಬಾರದಲ್ಲ — ಕೈ ಹಿಂದಕ್ಕೆ ಬಂತು. ನಾಳೆ ಪೂಜೆ ಎಬ್ಬಿಸಿದ ಮೇಲೆ ನೋಡಿದರಾಯಿತು ಎಂದು ಷಟರ್ ಎಳೆದು ಹೋದೆ.

ಮರುದಿನ ಪೂಜೆ ಎಬ್ಬಿಸಿ ನೋಡಿದರೆ ಬೆಲ್ಟ್ ಎಣ್ಣೆ ಕುಡಿದು ಮೆತ್ತಗಾಗಿತ್ತು. ಪಂಪ್ ಕಬ್ಬಿಣ, ಒರೆಸಿದರೆ ಹೋಯಿತು. ಬೆಲ್ಟ್ ಮಾತ್ರ ಕೆಲಸಕ್ಕೆ ಬಾರದು. ಇನ್ನೊಂದು ತರಿಸೋಣವೆಂದರೆ ಹಬ್ಬದ ರಜೆ, ಅಂಗಡಿ ತೆರೆಯಲು ಇನ್ನೂ ಕೆಲವು ದಿನ ಹಿಡಿಯುತ್ತದೆ.

ಏನು ಮಾಡಬೇಕಿತ್ತು? ಫೋನ್ ಮಾಡಿ, ಅಕ್ಕ, ಹಿಂಗಾಯ್ತು, ಒಂದು ವಾರ ಬಿಟ್ಟು ಹೊರಡಿ ಎನ್ನಬೇಕಿತ್ತು. ಅಷ್ಟೇ. ಉಳವಿ ಎಲ್ಲೂ ಓಡಿಹೋಗುತ್ತಿರಲಿಲ್ಲ. ಗಿರಿಜಕ್ಕ ಬೇಜಾರು ಮಾಡಿಕೊಳ್ಳುವವರೂ ಅಲ್ಲ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಗಿರಿಜಕ್ಕ ಅಲ್ಲ, ರುದ್ರಪ್ಪನವರ ಜಗುಲಿ. ತಿಪ್ಪೇಶ ಪೂಜೆ ಮಾಡಿ ಬೆಲ್ಟ್ ಹಾಳು ಮಾಡಿದನಂತೆ, ಬೆಲ್ಟಿಗೆ ಎಣ್ಣೆ ಸ್ನಾನ ಮಾಡಿಸಿದನಂತೆ ಎಂದು ಅಲ್ಲಿ ಕೂತು ನಗುತ್ತಾರೆ ಎಂಬುದೊಂದೇ ತಲೆಗೆ ಬಂತು. ದುಡ್ಡಿನ ಆಸೆಗೆ ಮಾಡಿದ್ದರೆ ಕಳ್ಳ ಎನ್ನಬಹುದಿತ್ತು. ನಾನು ಮಾಡಿದ್ದು ನಾಲ್ಕು ಜನರ ನಗೆಗೆ ಹೆದರಿ. ಇದಕ್ಕೆ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ.

ಹಳೆಯ ಬೆಲ್ಟನ್ನು ಒರೆಸಿದೆ. ಎದ್ದ ನಾರನ್ನು ಬ್ಲೇಡಿನಲ್ಲಿ ಕತ್ತರಿಸಿದೆ. ಹೊಸ ಪಂಪ್ ಕೂರಿಸಿ ಅದರ ಮೇಲೆ ಹಳೆಯ ಬೆಲ್ಟ್ ಏರಿಸಿ ಕವರ್ ಮುಚ್ಚಿದೆ. ಉಳವಿಗೆ ಹೋಗಿ ಬರುವವರೆಗೆ ತಡೆಯುತ್ತದೆ, ಬಂದ ಮೇಲೆ ಬದಲಾಯಿಸಿದರಾಯಿತು ಎಂದುಕೊಂಡೆ. ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದಾಗ ಗಿರಿಜಕ್ಕ ಕೇಳಿದರು, "ಬೆಲ್ಟ್ ಹಾಕ್ದೇನಪ್ಪಾ?"

"ಹಾಕಿದೀನಿ ಅಕ್ಕ" ಎಂದೆ.

ನೋಡಿ, ಆ ಉತ್ತರದಲ್ಲಿ ಸುಳ್ಳೇ ಇಲ್ಲ. ಬೆಲ್ಟ್ ಹಾಕಿದ್ದೆ ತಾನೇ! ಹೊಸದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಎಷ್ಟು ವರ್ಷ ನಾನು ಈ ಒಂದು ಪದದ ಹಿಂದೆ ಅವಿತುಕೊಂಡು ಕೂತಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಗಿರಿಜಕ್ಕ ಹೊಸದೇ ಎಂದುಕೊಂಡು ಕೇಳಿದ್ದರು, ಅದು ನನಗೆ ಗೊತ್ತಿತ್ತು. ಥೂ, ಸುಳ್ಳು ಹೇಳುವವನಿಗೆ ನೇರವಾಗಿ ಹೇಳುವ ಧೈರ್ಯವಾದರೂ ಇರಬೇಕು.

ಹೊರಟ ದಿನ ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಬುಕ್ಕಾಂಬುಧಿ ಏರಿ ಮೇಲೆ ಗಾಡಿ ನಿಂತಿದೆ, ಬೇಗ ಬಾ ಎಂದು. ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಬೆಲ್ಟ್ ಆಗಿರದಿರಲಿ, ಬೇರೆ ಏನಾದರೂ ಆಗಿರಲಿ ಎಂದು ಬೇಡಿಕೊಳ್ಳುತ್ತ ಹೋದೆ. ಅಲ್ಲಿಗೆ ಹೋಗಿ ನೋಡಿದೆ — ಒಂದು ಪಕ್ಕ ಕೆರೆ, ತುಂಬಿ ನಿಂತಿದೆ. ಇನ್ನೊಂದು ಪಕ್ಕ ಇಳಿಜಾರು, ಕೆಳಗೆ ಗದ್ದೆ. ಇಳಿಜಾರಿನ ಕಡೆಯ ಕಟ್ಟೆಗಲ್ಲಿಗೆ ಮುಂದಿನ ಚಕ್ರ ಆನಿಸಿ ಗಾಡಿ ನೆಟ್ಟಗೆ ನಿಂತಿತ್ತು. ಗಾಡಿ ಓಡಿಸುವವರಿಗೆ ಇದರ ಅರ್ಥ ಗೊತ್ತಾಗಬೇಕು. ಬೆಲ್ಟ್ ಹರಿದ ಕ್ಷಣ ಎಂಜಿನ್ ನಿಲ್ಲುತ್ತದೆ. ಸ್ಟೇರಿಂಗ್ ಕಲ್ಲಾಗುತ್ತದೆ. ಬ್ರೇಕು ಒಂದೆರಡು ಸಲ ಒತ್ತುವಷ್ಟರಲ್ಲಿ ಹಿಡಿಯುವುದು ಬಿಡುತ್ತದೆ. ಅಷ್ಟು ಭಾರದ ಗಾಡಿ, ಆ ಏರಿ ಮೇಲೆ, ಪಕ್ಕದಲ್ಲಿ ಕೈಕಾಲು ಆಡದ ಗಂಡ. ನಾನಾಗಿದ್ದರೆ ಕೆರೆಗೆ ಇಳಿಸಿರುತ್ತಿದ್ದೆ. ಇದು ಬಾಯಿಮಾತಿಗೆ ಹೇಳುವುದಲ್ಲ. ಗಿರಿಜಕ್ಕ ಗೇರಿನಲ್ಲಿ ತಡೆದು, ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಕೈಯಲ್ಲಿ ಸ್ಟೇರಿಂಗ್ ಜಗ್ಗಿ, ಕಟ್ಟೆಗಲ್ಲಿಗೆ ಮೆಲ್ಲಗೆ ಆನಿಸಿ ನಿಲ್ಲಿಸಿದ್ದರು. ಸೀಟಿನ ಪಕ್ಕ ಇಟ್ಟಿದ್ದ ಬುತ್ತಿ ಗಂಟು ಕೂಡ ಕೆಳಗೆ ಬಿದ್ದಿರಲಿಲ್ಲ.

ಅದನ್ನು ಅಲ್ಲಿ ನಿಂತಿದ್ದ ಒಬ್ಬನಾದರೂ ನೋಡಿದನೇ? ಊರವರು ಸೇರಿದ್ದರು, ರುದ್ರಪ್ಪನವರು ಅಜ್ಜಂಪುರದಿಂದ ಕಾರು ಮಾಡಿಕೊಂಡು ಬಂದಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು. ಹೆಂಗಸರ ಕೈಗೆ ಗಾಡಿ ಕೊಟ್ಟರೆ ಇನ್ನೇನಾಗುತ್ತದೆ. ನಾನು ಬಾನೆಟ್ ಎತ್ತುವ ಮೊದಲೇ ತೀರ್ಪು ಆಗಿಹೋಗಿತ್ತು. ನನ್ನಿಂದ ಅವರಿಗೆ ಬೇಕಾಗಿದ್ದದ್ದು ಸಹಿ ಅಷ್ಟೇ.

ಅವರಿಗೆ ಬೆನ್ನು ಹಾಕಿ ನಿಂತು ಮುಂದಿನ ಕವರ್ ಸಡಿಲ ಮಾಡಿ ನೋಡಿದೆ. ಬೆಲ್ಟ್ ಚಿಂದಿಯಾಗಿ ಬಿದ್ದಿತ್ತು. ಮತ್ತೆ ಕವರ್ ಒತ್ತಿದೆ. ತಿರುಗಿದೆ. ರುದ್ರಪ್ಪನವರು, ಏನಾಗಿದೆಯಪ್ಪ ಎಂದರು.

"ಎಂಜಿನ್ ಹೀಟಾಗಿ ಹಿಡ್ಕೊಂಡಿದೆ. ಮೀಟರ್ ನೋಡ್ದೆ ಓಡ್ಸಿದಾರೆ."

ಗಿರಿಜಕ್ಕ ಒಂದೇ ಒಂದು ಸಲ, ಮೆಲ್ಲಗೆ, "ಮುಳ್ಳು ಮೇಲೆ ಹೋಗಿರ್ಲಿಲ್ವಲ್ಲ ತಿಪ್ಪೇಶ, ನಾನು ನೋಡ್ತಾನೇ ಇದ್ದೆ" ಎಂದರು.

"ನೀವು ರೋಡ್ ನೋಡ್ತಿದ್ರಿ ಅಕ್ಕ, ಮುಳ್ಳು ಎಲ್ಲಿ ನೋಡ್ತೀರಾ" ಎಂದೆ. ನಗುತ್ತ ಹೇಳಿದೆ. ಸುತ್ತ ನಿಂತವರೂ ನಕ್ಕರು.

ರೇಡಿಯೇಟರ್ ಮುಚ್ಚಳ ತೆಗೆದು ನೋಡಿದ್ದರೆ ನೀರು ತುಂಬಿರುವುದು ಕಾಣುತ್ತಿತ್ತು. ಹೀಟಾದ ಗಾಡಿಯಲ್ಲಿ ನೀರು ತುಂಬಿರುತ್ತದೆಯೇ? ಒಬ್ಬನಾದರೂ ಮುಚ್ಚಳ ತೆಗಿ ನೋಡೋಣ ಅನ್ನಲಿಲ್ಲ. ಟ್ರ್ಯಾಕ್ಟರ್ ಇಟ್ಟುಕೊಂಡವರೇ ಅಷ್ಟು ಜನ ಇದ್ದರು, ಎಂಜಿನ್ ಬಗ್ಗೆ ಗೊತ್ತಿಲ್ಲದವರೇನಲ್ಲ. ಅದೇ ಗಾಡಿಯನ್ನು ರುದ್ರಪ್ಪನವರು ಓಡಿಸಿಕೊಂಡು ಬಂದು ಕೆಟ್ಟಿದ್ದರೆ, ಏನೋ ತಿಪ್ಪೇಶ, ಏನು ರಿಪೇರಿ ಮಾಡಿದೆಯೋ ಎಂದು ನನ್ನ ಕುತ್ತಿಗೆ ಪಟ್ಟಿ ಹಿಡಿದಿರುತ್ತಿದ್ದರು. ಓಡಿಸಿದ್ದು ಹೆಂಗಸು, ಹಾಗಾಗಿ ಮೆಕ್ಯಾನಿಕ್ಕು ಸತ್ಯವಂತ. ನನ್ನ ಸುಳ್ಳು ಅಷ್ಟು ಸಲೀಸಾಗಿ ನಡೆದದ್ದು ನನ್ನ ಜಾಣತನದಿಂದಲ್ಲ, ಕೇಳುವವರು ಅದನ್ನೇ ಕೇಳಲು ಕಾದಿದ್ದರು.

ಒಬ್ಬರು ಮಾತ್ರ ನಂಬಲಿಲ್ಲ.

ಮುಂದಿನ ಸೀಟಿನಲ್ಲಿ ಕೂತಿದ್ದ ಲಿಂಗರಾಜಣ್ಣ ಏನೋ ಸದ್ದು ಮಾಡುತ್ತಿದ್ದರು. ಎಲ್ಲರೂ ಆ ಕಡೆ ತಿರುಗಿದೆವು. ಮೊದಲು ಎಡಗೈಯಿಂದ ಸ್ಟೇರಿಂಗ್ ಹಿಂದಿನ ಮೀಟರುಗಳ ಕಡೆ ತೋರಿಸಿದರು. ಆಮೇಲೆ ಕೈಯನ್ನು ಎದೆ ಮುಂದೆ ತಂದು ಒಂದು ಬೆರಳು ನೆಟ್ಟಗೆ ಎತ್ತಿ ಹಿಡಿದರು. ಅಲ್ಲಾಡಿಸದೆ ಹಿಡಿದರು. ಗಂಟಲಿನಿಂದ ಊಂ ಊಂ ಎನ್ನುತ್ತ, ತಲೆ ಆಡಿಸುತ್ತ, ನನ್ನನ್ನೇ ನೋಡುತ್ತಿದ್ದರು. ಮೀಟರಿನ ಮುಳ್ಳು ನಡುವಿನಲ್ಲಿ ಹೀಗೆ ನೆಟ್ಟಗೆ ನಿಂತಿತ್ತು, ಕೆಂಪಿಗೆ ಹೋಗಿರಲೇ ಇಲ್ಲ — ಅವರು ಹೇಳುತ್ತಿದ್ದದ್ದು ಅದು. ನನಗೆ ಆ ಕ್ಷಣವೇ ಅರ್ಥವಾಯಿತು. ಗಾಡಿಯ ಜನಕ್ಕೆ ಗಾಡಿಯ ಭಾಷೆ ಅರ್ಥವಾಗುತ್ತದೆ.

ರುದ್ರಪ್ಪನವರು ಆ ಬೆರಳು ನೋಡಿ ಎರಡೂ ಕೈ ಮುಗಿದರು. "ಹೌದಪ್ಪಾ, ಮೇಲಿರೋನೇ ಕಾಪಾಡ್ದ" ಎಂದರು. ಸೇರಿದ್ದವರೆಲ್ಲ ಆಕಾಶ ನೋಡಿ ಕೈ ಮುಗಿದರು. ಲಿಂಗರಾಜಣ್ಣ ಇನ್ನೂ ಜೋರಾಗಿ ತಲೆ ಆಡಿಸಿದರು, ಬೆರಳು ಇನ್ನೂ ಬಿಗಿಯಾಗಿ ಹಿಡಿದರು, ಕಣ್ಣಲ್ಲಿ ನೀರು ಬಂತು. ಪಾಪ ಹೆದರಿಕೊಂಡಿದ್ದಾನೆ, ಕಾರಿಗೆ ಕೂರಿಸಿ ಎಂದು ಯಾರೋ ಹೇಳಿದರು. ಇಬ್ಬರು ಸೇರಿ ಅವರನ್ನು ಎತ್ತಿಕೊಂಡು ಹೋದರು. ಹೋಗುವಾಗಲೂ ಆ ಬೆರಳು ಇಳಿದಿರಲಿಲ್ಲ.

ಕೈ ಮುಗಿದವರಲ್ಲಿ ನಾನೂ ಒಬ್ಬ. ಅರ್ಥ ತಿಳಿದೂ, ಅವರ ಕಣ್ಣು ನನ್ನ ಮೇಲೆ ಇರುವಾಗಲೇ, ಎಲ್ಲರ ಜೊತೆ ನಾನೂ ಕೈ ಮುಗಿದೆ.

ಗಿರಿಜಕ್ಕ ಕೀಲಿಯನ್ನು ತಾವೇ ಭಾವನವರ ಕೈಗೆ ಕೊಟ್ಟರು, ಅವರು ಕೇಳುವ ತನಕ ಕಾಯಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, ನೀನು ಅಷ್ಟು ಚೆನ್ನಾಗಿ ರಿಪೇರಿ ಮಾಡಿಕೊಟ್ಟಿದ್ದೆ, ನಾನು ಹಾಳು ಮಾಡಿಬಿಟ್ಟೆ, ತಪ್ಪು ತಿಳಿಯಬೇಡ ಎಂದರು. ನನ್ನ ಹತ್ತಿರ ಅವರು ಕ್ಷಮೆ ಕೇಳಿದರು! ಅಲ್ಲಿ ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ವರ್ಷ ಚೆನ್ನಾಗಿ ನಿದ್ದೆ ಮಾಡಿರುತ್ತಿದ್ದೆನೋ ಏನೋ. ಇರಲಿ ಬಿಡಿ ಅಕ್ಕ ಎಂದೆ. ದೊಡ್ಡ ಮನಸ್ಸಿನವನ ಹಾಗೆ ಹೇಳಿದೆ.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಕೊಬ್ಬರಿ ಗೋದಾಮಿನ ಹಿಂದೆ ನಿಲ್ಲಿಸಿದರು. ರಿಪೇರಿ ಮಾಡಿಸುವುದು ಬೇಡ ಎಂದು ರುದ್ರಪ್ಪನವರು ಹೇಳಿದರು. ಈಗ ಅದರೊಳಗೆ ಖಾಲಿ ಚೀಲ ತುಂಬಿದ್ದಾರೆ. ಲಿಂಗರಾಜಣ್ಣ ಮತ್ತೆ ಆ ಕೋಣೆ ಸೇರಿದರು. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆಂದರೂ ಬರಲಿಲ್ಲವಂತೆ. ಗೋಡೆ ಕಡೆ ಮುಖ ಮಾಡಿ ಮಲಗಿದವರು ಮಲಗಿದ್ದ ಹಾಗೇ ಹೋದರು. ಮಣ್ಣಿಗೆ ನಾನೂ ಹೋಗಿದ್ದೆ. ಅವರ ಮುಖ ನೋಡಲು ಆಗದೆ ದೂರ ನಿಂತಿದ್ದು ವಾಪಸ್ ಬಂದೆ.

ಹೇಳಬೇಕು ಎಂದು ಎಷ್ಟೋ ಸಲ ಅನ್ನಿಸಿತ್ತು. ಹೇಳಲಿಲ್ಲ. ಕಾರಣಗಳನ್ನು ಇಲ್ಲಿ ಬರೆಯುವುದಿಲ್ಲ, ಯಾವುದೂ ಬರೆಯುವಷ್ಟು ಯೋಗ್ಯವಾಗಿಲ್ಲ.

ಹೋದ ತಿಂಗಳು ನನ್ನ ಮಗಳು ಕಾವ್ಯ ಕಾರು ಓಡಿಸುವುದು ಕಲಿಸು ಎಂದು ಹಠ ಹಿಡಿದಳು. ತರೀಕೆರೆಯಲ್ಲಿ ಕೆಲಸ ಸಿಕ್ಕಿದೆ, ಬಸ್ಸಿಗೆ ಕಾದು ಕಾದು ಅವಳಿಗೆ ಸಾಕಾಗಿದೆ. ನಾನು ಊಟಕ್ಕೆ ಕೂತಿದ್ದೆ. ನನ್ನ ಹೆಂಡತಿ ಶೋಭ ಸಾರು ಬಡಿಸುತ್ತ ಮಗಳಿಗೆ ಹೇಳಿದಳು, "ಬ್ಯಾಡ ಕಣೇ. ಗಿರಿಜಕ್ಕನ ಕತೆ ಗೊತ್ತಲ್ಲ? ರೋಡ್ ನೋಡಿದ್ರೆ ಮೀಟರ್ ನೋಡಾಕಾಗಲ್ಲ ಹೆಂಗಸ್ರಿಗೆ. ನಿಮ್ಮಪ್ಪನೇ ಹೇಳಿದ್ದು."

ನಿಮ್ಮಪ್ಪನೇ ಹೇಳಿದ್ದು. ಏರಿ ಮೇಲೆ ನಾನು ನಗುತ್ತ ಆಡಿದ ಮಾತು ಅಜ್ಜಂಪುರ ದಾಟಿ, ಕಡೂರಿಗೆ ಬಂದು, ನನ್ನ ಮನೆಯೊಳಗೇ ಶಾಸ್ತ್ರವಾಗಿ ಕೂತಿದೆ. ಇನ್ನು ಎಷ್ಟು ಮನೆಗಳಲ್ಲಿ, ಎಷ್ಟು ಹೆಣ್ಣುಮಕ್ಕಳಿಗೆ ಇದನ್ನೇ ಹೇಳಿ ಬಾಯಿ ಮುಚ್ಚಿಸಿದ್ದಾರೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗುವುದಿಲ್ಲ ಸ್ವಾಮಿ, ಅದು ಬೆಳೆಯುತ್ತದೆ. ತಟ್ಟೆಯಲ್ಲೇ ಕೈ ತೊಳೆದು ಎದ್ದೆ. ಹೆಂಡತಿಗೂ ಮಗಳಿಗೂ ಆಗಲೇ ಎಲ್ಲ ಹೇಳಿದೆ. ಕಾವ್ಯ ನನ್ನ ಮುಖ ನೋಡಲಿಲ್ಲ. ಶೋಭ, ಮೊದಲು ಆ ಯಮ್ಮನಿಗೆ ಹೋಗಿ ಹೇಳಿ ಬನ್ನಿ ಎಂದಳು.

ಮರುದಿನ ಅಜ್ಜಂಪುರಕ್ಕೆ ಹೋದೆ. ಗಿರಿಜಕ್ಕ ಹಿತ್ತಿಲ ಕಟ್ಟೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಬೆಲ್ಟಿನ ವಿಷಯ, ಎಣ್ಣೆಯ ವಿಷಯ, ಹೀಟ್ ಎಂದ ಸುಳ್ಳು ಎಲ್ಲ ಹೇಳಿದೆ. ಅವರು ಬೀಜ ಬಿಡಿಸುತ್ತಲೇ ಇದ್ದರು. ಮುಳ್ಳು ನಡುವಿನಲ್ಲಿ ಇದ್ದದ್ದು ನನಗೆ ಗೊತ್ತಿತ್ತು, ನೀನು ಹೇಳಿದ ಮೇಲೆ ನನ್ನ ಕಣ್ಣೇ ಸುಳ್ಳು ಅಂದುಕೊಂಡೆ, ಅವತ್ತಿನಿಂದ ಒಲೆ ಆರಿಸಿದ್ದನ್ನೂ ಎರಡೆರಡು ಸಲ ನೋಡುತ್ತೇನೆ ಎಂದು ಮಾತ್ರ ಹೇಳಿದರು. ದನಿಯಲ್ಲಿ ಕೋಪ ಇರಲಿಲ್ಲ. ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಹೇಳಬೇಕಾದ್ದು ಇನ್ನೊಂದು ಉಳಿದಿತ್ತು. ಲಿಂಗರಾಜಣ್ಣ ಎತ್ತಿದ ಬೆರಳಿನ ಅರ್ಥ ಹೇಳಿದೆ.

ಅವರ ಕೈ ನಿಂತಿತು.

"ದೇವ್ರನ್ನ ತೋರ್ಸಿದ್ದಲ್ವಾ?"

ಅಲ್ಲ ಅಕ್ಕ, ಮೀಟರಿನ ಮುಳ್ಳು ತೋರಿಸಿದ್ದು, ನಿಮ್ಮದು ತಪ್ಪಿಲ್ಲ ಎನ್ನುತ್ತಿದ್ದರು ಎಂದೆ.

ಅವರು ಹುಣಸೆಹಣ್ಣನ್ನು ಬದಿಗೆ ಸರಿಸಿದರು. ಆಮೇಲೆ ನಿಧಾನವಾಗಿ ಹೇಳಿದರು. ಅವತ್ತಿನಿಂದ ಲಿಂಗರಾಜಣ್ಣ ಗೋಡೆ ಕಡೆ ತಿರುಗಿದವರು ಈ ಕಡೆ ತಿರುಗಲೇ ಇಲ್ಲವಂತೆ. ಹೆಂಡತಿ ಸಾಯಿಸಲು ಹೋಗಿದ್ದಳು, ದೇವರು ಉಳಿಸಿದ ಎಂದು ಗಂಡನಿಗೆ ತನ್ನ ಮೇಲೆ ಬೇಸರ ಎಂದುಕೊಂಡಿದ್ದರಂತೆ ಗಿರಿಜಕ್ಕ. ಕೊನೆಯವರೆಗೂ ಹಾಗೆಂದುಕೊಂಡೇ ಊಟ ಉಣಿಸಿದರಂತೆ, ಮೈ ಒರೆಸಿದರಂತೆ. ಗಂಡ ತನ್ನ ಪರವಾಗಿ ಕೂಗಿ ಕೂಗಿ ಸೋತು ಮುಖ ತಿರುಗಿಸಿದ್ದು ಎಂದು ಅವರಿಗೆ ಗೊತ್ತಾದದ್ದು ಅವತ್ತು, ಆ ಕಟ್ಟೆಯ ಮೇಲೆ, ನನ್ನ ಬಾಯಿಂದ.

ಆಗ ಅವರ ಮುಖದ ಮೇಲೆ ಬಂದ ಸಿಟ್ಟನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಅವ್ರಾಡಿದ ಕೊನೇ ಮಾತು ಅದು ಕಣೋ. ನೀನೊಬ್ನೇ ಕೇಳಿಸ್ಕೊಂಡೆ. ಕೇಳಿಸ್ಕೊಂಡು ಸುಮ್ನಿದ್ದೆ." ಅಷ್ಟು ಹೇಳಿ ಎದ್ದರು. "ಬೆಲ್ಟಿನ ವಿಷ್ಯ ಕ್ಷಮಿಸ್ತೀನಿ. ಇದನ್ನ ಕ್ಷಮಿಸಲ್ಲ. ನಂಗ್ ಹೇಳಿದ್ರೆ ಏನ್ ಬಂತು, ಅವತ್ತು ಯಾರ ಮುಂದೆ ಹೇಳಿದ್ಯೋ ಅವರಿಗೆ ಹೇಳೋಗು."

ಮುಂಬಾಗಿಲ ಜಗುಲಿಯಲ್ಲಿ ರುದ್ರಪ್ಪನವರೂ ಇನ್ನು ನಾಲ್ಕು ಜನರೂ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ರುದ್ರಪ್ಪನವರು ಎಲೆಅಡಿಕೆ ಉಗಿದು ಬಂದು, ಹೋಗಲಿ ಬಿಡಪ್ಪ, ಹಳೇ ಕತೆ, ಹೇಗೂ ಹೆಂಗಸರಿಗೆ ಆ ಗಾಡಿ ಯಾಕೆ ಎಂದರು. ಉಳಿದವರು ಹೌದೌದು ಎಂದರು. ಕಾಫಿ ತರಲು ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ವರ್ಷ ನಾನು ಹೆದರಿದ್ದು ಈ ಜಗುಲಿಗೆ! ಇವರು ನಗುತ್ತಾರೆಂದು ಹೆದರಿ ಒಬ್ಬ ಹೆಣ್ಣುಮಗಳ ಬದುಕು ಮುರಿದೆ, ಇವರಿಗೆ ಸತ್ಯ ಬೇಕಾಗಿಯೇ ಇರಲಿಲ್ಲ. ಕಾಫಿ ಕುಡಿಯದೆ ಬಂದೆ.

ಆದ್ದರಿಂದ ಬರೆಯುತ್ತಿದ್ದೇನೆ. ಜಗುಲಿಯಲ್ಲಿ ಹೇಳಿದ್ದು ಜಗುಲಿಯಲ್ಲೇ ಸಾಯುತ್ತದೆ, ಬರೆದದ್ದನ್ನು ಯಾರಾದರೂ ಓದುತ್ತಾರೆ. ಕಾವ್ಯಳಿಗೆ ನಾಳೆಯಿಂದ ಕಾರು ಕಲಿಸುತ್ತೇನೆ, ಅದು ನನ್ನ ಮನೆಯ ಮಾತು, ಪ್ರಾಯಶ್ಚಿತ್ತವೇನಲ್ಲ. ಬುಕ್ಕಾಂಬುಧಿ ಏರಿ ಮೇಲೆ ಅವತ್ತು ನಿಂತಿದ್ದವರೇ, ಆಕಾಶ ನೋಡಿ ಕೈ ಮುಗಿದವರೇ, ಕೇಳಿಸಿಕೊಳ್ಳಿ. ಲಿಂಗರಾಜಣ್ಣ ದೇವರನ್ನು ತೋರಿಸಲಿಲ್ಲ. ಮುಳ್ಳು ನಡುವಿನಲ್ಲೇ ಇತ್ತು, ನನ್ನ ಹೆಂಡತಿಯದು ತಪ್ಪಿಲ್ಲ ಎಂದು ಹೇಳುತ್ತಿದ್ದರು. ಅದನ್ನು ಹೇಳಲು ಅವರಿಗೆ ನಾಲಿಗೆ ಇರಲಿಲ್ಲ. ನನಗಿತ್ತು.